ಲೆಕ್ಕದಿಂದ ಆಲಿಸುವ ಬಾನುಲಿ



2020ನೆಯ ಇಸವಿಯ ಅಕ್ಟೋಬರ್ ತಿಂಗಳ ನಡುವಿನಲ್ಲಿ ನಮ್ಮ ಹೈದರಾಬಾದು ನಗರದ ಮೇಲೆ ಸುರಿದ ಮಳೆಯನ್ನು ನಿಮ್ಮ ಮನೆಯ ಹಿರಿಯರು ಇನ್ನೂ ಮರೆತಿರಲಾರರು. ಆ ಮಳೆ ಪಶ್ಚಿಮಕ್ಕೆ ಸರಿಯಿತು. ಎರಡು ಮೂರು ದಿನಗಳಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಭೀಮಾನದಿಯು ದಡ ಮೀರಿ ಹರಿಯಿತು. ನಮ್ಮ ಹುಟ್ಟೂರು ಆ ನದಿಯ ದಂಡೆಯ ಮೇಲಿದೆ. ಇಲ್ಲಿ ಕಾಚಿಗೂಡದ ನಮ್ಮ ಬಾಡಿಗೆಯ ಕೋಣೆಯಲ್ಲಿ ವಿದ್ಯುತ್ತು ಇಲ್ಲ. ಅಲ್ಲಿ ಊರಿನಲ್ಲಿ ಯಾರ ದೂರವಾಣಿಗೂ ಕರೆ ಮುಟ್ಟುತ್ತಿಲ್ಲ. ತಂದೆತಾಯಿಗಳು ಎಲ್ಲಿರುವರು, ಹೇಗಿರುವರು ಎಂಬುದು ಎರಡು ದಿನಗಳ ಕಾಲ ನಮಗೆ ತಿಳಿಯಲಿಲ್ಲ. ಮೂರನೆಯ ದಿನ, ಊರ ಜನರೆಲ್ಲರೂ ಎತ್ತರದ ಶಾಲೆಯೊಂದರಲ್ಲಿ ಕ್ಷೇಮವಾಗಿರುವರೆಂಬ ಸುದ್ದಿ ಬಂದಿತು. ಆದರೆ ಆ ಎರಡು ದಿನಗಳ ಮೌನ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನು ಬಿಟ್ಟುಹೋಯಿತು. ಕಾಚಿಗೂಡಕ್ಕೂ ಭೀಮಾತೀರಕ್ಕೂ ನಡುವೆ ಇರುವುದು 200 ಕಿಲೋಮೀಟರಿಗೆ ಸ್ವಲ್ಪ ಮಿಕ್ಕಿದ ದೂರ. ನಡುವೆ ಯಾವ ಗೋಪುರವೂ ತಂತಿಯೂ ಇಲ್ಲದೆ ಇಷ್ಟು ದೂರಕ್ಕೆ ಒಂದು ಮಾತನ್ನು ಮುಟ್ಟಿಸಲು ಸಾಧ್ಯವಿಲ್ಲವೇ?

ಸಾಧ್ಯವಿದೆ. ಆ ಸಾಧನಕ್ಕೆ ಹವ್ಯಾಸಿ ಬಾನುಲಿ ಎಂದು ಹೆಸರು. ಅದರ ಇತ್ತೀಚಿನ ರೂಪವಾದ ತಂತ್ರಾಂಶ ಬಾನುಲಿ ಯಂತ್ರವನ್ನು ಹೇಗೆ ಸಜ್ಜುಗೊಳಿಸುವುದು, ಹೇಗೆ ನಡೆಸುವುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಹವ್ಯಾಸಿ ಬಾನುಲಿ ಎಂದರೇನು?

ಸರ್ಕಾರದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಪರವಾನಗಿ ಪಡೆದು, ಲಾಭದ ಆಸೆಯಿಲ್ಲದೆ, ಕಲಿಕೆಗಾಗಿಯೂ ಸ್ನೇಹಕ್ಕಾಗಿಯೂ ತಮ್ಮ ಸ್ವಂತ ಬಾನುಲಿ ನಿಲಯವನ್ನು ನಡೆಸುವವರನ್ನು ಹವ್ಯಾಸಿಗಳೆನ್ನುತ್ತಾರೆ. ಲೋಕರೂಢಿಯಲ್ಲಿ ಅವರಿಗೆ ‘ಹ್ಯಾಮ್’ ಎಂಬ ಹೆಸರೂ ಉಂಟು. ಆಕಾಶವಾಣಿಯಂತೆ ಇವರು ಹಾಡು ವಾರ್ತೆಗಳನ್ನು ಪ್ರಸಾರ ಮಾಡುವುದಿಲ್ಲ, ಒಬ್ಬರೊಡನೊಬ್ಬರು ಮಾತನಾಡುತ್ತಾರೆ. ಸ್ವಂತ ಆಸಕ್ತಿಯಿಂದ ಬಾನುಲಿಯನ್ನು ಕಟ್ಟುವುದು ಕನ್ನಡಿಗರಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಅಲ್ಪ ಶಕ್ತಿಯ ಪ್ರೇಷಕವೊಂದನ್ನು ಇರಿಸಿ ಬಾನುಲಿ ನಿಲಯವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ ಮೂಲಕವೇ ಪ್ರಸಿದ್ಧಿಗೆ ಬಂದಿತು.

ನಮ್ಮ ನಗರದ ಮಾತಿಗೆ ಬರೋಣ. ರಾಷ್ಟ್ರೀಯ ಹವ್ಯಾಸಿ ಬಾನುಲಿ ಸಂಸ್ಥೆಯು 1983ರಲ್ಲಿ ಸ್ಥಾಪಿತವಾದದ್ದು ಹೈದರಾಬಾದಿನಲ್ಲಿಯೇ. 2004ರ ಡಿಸೆಂಬರಿನಲ್ಲಿ ಆ ಸಂಸ್ಥೆಯ ತಂಡವೊಂದು ಶ್ರೀಮತಿ ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿ, ಜಗತ್ತಿನ ಹವ್ಯಾಸಿಗಳೊಡನೆ ಮಾತನಾಡುವ ಸಂತೋಷಕ್ಕಾಗಿ ನಿಲಯ ಹೂಡಿತ್ತು. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂದಿತು, ದೂರವಾಣಿಗಳು ಮೂಕವಾದವು. ವಿನೋದಕ್ಕೆಂದು ಹೂಡಿದ್ದ ಆ ನಿಲಯವೇ ದ್ವೀಪಗಳಿಂದ ಕ್ಷೇಮಸಮಾಚಾರಗಳನ್ನು ಮುಖ್ಯಭೂಮಿಗೆ ಮುಟ್ಟಿಸುವ ಸೇತುವೆಯಾಯಿತು.

ನಮ್ಮ ಊರಿನಲ್ಲೇ ಹುಟ್ಟಿದ ಯಂತ್ರ

ಹೈದರಾಬಾದಿನ ಹವ್ಯಾಸಿ ಅಶರ್ ಫರ್ಹಾನ್ ಎಂಬವರು ಸುಮಾರು 2003ರ ಹೊತ್ತಿಗೆ ‘ಬಿಟ್‌ಎಕ್ಸ್’ ಎಂಬ ಸರಳ ಯಂತ್ರವೊಂದನ್ನು ರಚಿಸಿದರು. ಬೆಲೆಬಾಳುವ ವಿದೇಶೀ ಬಿಡಿಭಾಗಗಳ ಬದಲು ಸಾಮಾನ್ಯ ಅಂಗಡಿಗಳಲ್ಲಿ ದೊರಕುವ ಟ್ರಾನ್ಸಿಸ್ಟರುಗಳಿಂದಲೇ ಅದನ್ನು ಕಟ್ಟಬಹುದಿತ್ತು. ಅದರ ಒಂದು ಆವೃತ್ತಿಯಲ್ಲಿ ನಲ್ಲಿಗೆ ಹಾಕುವ ವಾಷರಿನ ಮೇಲೆ ತಂತಿ ಸುತ್ತಿ ಸುರುಳಿಗಳನ್ನು ಮಾಡಲಾಗಿತ್ತೆಂದರೆ ನೀವು ನಕ್ಕೀರಿ. ಆದರೆ ಜಗತ್ತಿನ ನಾನಾ ದೇಶಗಳ ಹವ್ಯಾಸಿಗಳು ಆ ನಕ್ಷೆಯನ್ನು ನೋಡಿ ತಮ್ಮ ಕೈಯಿಂದಲೇ ಯಂತ್ರ ಕಟ್ಟಿಕೊಂಡರು. ಅದೇ ವಂಶದಲ್ಲಿ ಅವರು 2021ರಲ್ಲಿ ಪರಿಚಯಿಸಿದ ‘ಎಸ್‌ಬಿಟ್‌ಎಕ್ಸ್’ ಎಂಬುದು ತಂತ್ರಾಂಶ ಬಾನುಲಿ. ಅದರ ವಿದ್ಯುನ್ಮಂಡಲದ ನಕ್ಷೆಯನ್ನೂ ತಂತ್ರಾಂಶವನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ನಮ್ಮ ಬಡಾವಣೆಯಲ್ಲಿ ವಾಸಿಸುವ ಪರವಾನಗಿ ಪಡೆದ ಮಿತ್ರರೊಬ್ಬರ ಮನೆಯಲ್ಲಿ ಈ ಯಂತ್ರವನ್ನು ಹೂಡುವಾಗ ಅವರ ಪಕ್ಕದಲ್ಲಿ ಕುಳಿತು ನಾವು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಯಂತ್ರವು ಲೆಕ್ಕ ಮಾಡುವುದು ಹೇಗೆ?

ಹಳೆಯ ಬಾನುಲಿಯಲ್ಲಿ ಬೇಕಾದ ನಿಲಯವನ್ನು ಆರಿಸಿ ಬೇಡವಾದುದನ್ನು ಸೋಸುವ ಕೆಲಸವನ್ನೆಲ್ಲ ಸುರುಳಿ, ಕೆಪಾಸಿಟರು, ಸ್ಫಟಿಕ ಮೊದಲಾದ ವಸ್ತುಗಳು ಮಾಡುತ್ತಿದ್ದವು. ಅವು ತಂತಿಯಿಂದ ಹೆಣೆದ ಜರಡಿಯಂತೆ. ಕಣ್ಣು ದೊಡ್ಡದಾಗಬೇಕಾದರೆ ಬೇರೆ ಜರಡಿಯನ್ನೇ ಕೊಳ್ಳಬೇಕು. ತಂತ್ರಾಂಶ ಬಾನುಲಿಯಲ್ಲಿ ಜರಡಿಯೇ ಒಂದು ಲೆಕ್ಕ. ಲೆಕ್ಕವನ್ನು ಬದಲಿಸಿದರೆ ಜರಡಿ ಬದಲಾಗುತ್ತದೆ.

ತರಂಗವು ಲೆಕ್ಕವಾಗುವುದೆಂತು? ಹೊಳೆಯ ಸೇತುವೆಯ ಕಂಬದ ಮೇಲೆ ಅಡಿಗಳ ಗುರುತು ಬರೆದಿರುವುದನ್ನು ನೀವು ನೋಡಿರಬಹುದು. ಪ್ರವಾಹದ ಕಾಲದಲ್ಲಿ ಒಬ್ಬನು ಗಂಟೆಗೊಮ್ಮೆ ನೀರಿನ ಮಟ್ಟವನ್ನು ಓದಿ ಪುಸ್ತಕದಲ್ಲಿ ಬರೆಯುತ್ತಾನೆ ಎನ್ನೋಣ. ಆ ಸಂಖ್ಯೆಗಳನ್ನು ಕಂಡವನು ನದಿಯನ್ನು ನೋಡದಿದ್ದರೂ ಅದರ ಏರಿಳಿತವನ್ನು ಬರೆದು ತೋರಿಸಬಲ್ಲನು. ದಿನಕ್ಕೊಮ್ಮೆ ಮಾತ್ರ ಓದಿದರೆ ನಡುವೆ ಏರಿ ಇಳಿದ ನೆರೆ ಅವನ ಪುಸ್ತಕಕ್ಕೆ ಬಾರದೆ ಹೋಗುತ್ತದೆ. ಆದುದರಿಂದ ಒಂದು ಏರಿಳಿತಕ್ಕೆ ಎರಡಕ್ಕಿಂತ ಹೆಚ್ಚು ಸಲ ಓದಬೇಕೆಂಬುದು ನಿಯಮ. ಆಂಟೆನಾದಿಂದ ಬಂದ ತರಂಗವನ್ನು ಎಸ್‌ಬಿಟ್‌ಎಕ್ಸ್ ಯಂತ್ರವು ಮೊದಲು ನಿಧಾನವಾದ ಕಂಪನಕ್ಕೆ ಇಳಿಸಿಕೊಂಡು, 25 ಕಿಲೋಹರ್ಟ್ಸ್ ಅಗಲದ ಒಂದು ಪಟ್ಟಿಯನ್ನು ಆರಿಸಿ, ಅದರ ಮಟ್ಟವನ್ನು ಸೆಕೆಂಡಿಗೆ 96,000 ಸಲ ಅಳೆದು ಸಂಖ್ಯೆಗಳಾಗಿ ಬರೆದುಕೊಳ್ಳುತ್ತದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಗಣಕವು ಆ ಸಂಖ್ಯೆಗಳನ್ನು ಗುಣಿಸಿ ಕೂಡಿಸುತ್ತದೆ.

ಒಂದರೊಳಗೊಂದು ಬೆರೆತ ಅನೇಕ ತರಂಗಗಳನ್ನು ಬೇರ್ಪಡಿಸುವ ಗಣಿತವನ್ನು ಫ್ರಾನ್ಸಿನ ಜೋಸೆಫ್ ಫೂರಿಯೇ ಎಂಬ ವಿದ್ವಾಂಸನು 1822ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದನು. ಅವನು ಅದನ್ನು ಬಳಸಿದ್ದು ಶಾಖದ ಹರಿವನ್ನು ಅರಿಯಲು. ಅದೇ ಲೆಕ್ಕವನ್ನು ಅತಿ ಶೀಘ್ರವಾಗಿ ಮಾಡುವ ಕ್ರಮವನ್ನು ಕೂಲಿ, ಟ್ಯೂಕಿ ಎಂಬಿಬ್ಬರು 1965ರಲ್ಲಿ ಪ್ರಕಟಿಸಿದರು. ಅದರ ಫಲವು ಯಂತ್ರದ ಗಾಜಿನ ಮೇಲೆ ಚಿತ್ರವಾಗಿ ಮೂಡುತ್ತದೆ. ಎಡದಿಂದ ಬಲಕ್ಕೆ ಕಂಪನಸಂಖ್ಯೆ. ಮೇಲಿನಿಂದ ಕೆಳಕ್ಕೆ ಕಾಲ. ಎಲ್ಲಿ ನಿಲಯವೊಂದು ನುಡಿಯುತ್ತಿದೆಯೋ ಅಲ್ಲಿ ಒಂದು ಬೆಳಕಿನ ಗೆರೆ ಇಳಿದುಬರುತ್ತದೆ. ಇದನ್ನು ಹವ್ಯಾಸಿಗಳು ಜಲಪಾತವೆಂದೇ ಕರೆಯುತ್ತಾರೆ. ಕಿವಿಯಿಂದ ಹುಡುಕಬೇಕಾಗಿದ್ದುದನ್ನು ಈಗ ಕಣ್ಣಿನಿಂದಲೂ ಕಾಣಬಹುದು. ಮಾತನಾಡುವಾಗ ಇದೇ ಕ್ರಮ ಹಿಂದುಮುಂದಾಗಿ ನಡೆಯುತ್ತದೆ: ಮಾತು ಸಂಖ್ಯೆಯಾಗಿ, ಸಂಖ್ಯೆ ತರಂಗವಾಗಿ, ತರಂಗವು ಬಲಗೊಂಡು ಆಂಟೆನಾದಿಂದ ಹೊರಡುತ್ತದೆ.

ಮೊದಲ ಮೆಟ್ಟಿಲು: ಪರವಾನಗಿ

ಯಂತ್ರವು ಕೈಗೆ ಬಂದೊಡನೆ ಮಾತನಾಡಲು ಹೊರಡಬಾರದು. ಪರವಾನಗಿಯಿಲ್ಲದ ಪ್ರೇಷಣವು ಅಪರಾಧ. 12 ವರ್ಷ ತುಂಬಿದವರು ಪರೀಕ್ಷೆಗೆ ಕುಳಿತುಕೊಳ್ಳಬಹುದು. ಆದುದರಿಂದ ನಿಮ್ಮಲ್ಲಿ ಅನೇಕರಿಗೆ ಅದು ಇಂದೇ ತೆರೆದಿರುವ ಬಾಗಿಲು. ಬಾನುಲಿ ಶಾಸ್ತ್ರದ ಮೂಲತತ್ತ್ವಗಳು ಮತ್ತು ನಿಯಮಗಳು ಪರೀಕ್ಷೆಯ ವಿಷಯ. ನಿರ್ಬಂಧಿತ ದರ್ಜೆ, ಸಾಮಾನ್ಯ ದರ್ಜೆ ಎಂದು ಎರಡು ದರ್ಜೆಗಳಿದ್ದು, ಎರಡನೆಯದಕ್ಕೆ ಮೋರ್ಸ್ ಸಂಕೇತಗಳನ್ನೂ ಕಲಿಯಬೇಕು. ಉತ್ತೀರ್ಣರಾದವರಿಗೆ ‘ವಿಯು’ ಎಂಬ ಅಕ್ಷರಗಳಿಂದ ಆರಂಭವಾಗುವ ಕರೆಹೆಸರು ದೊರಕುತ್ತದೆ. ಜಗತ್ತಿನಲ್ಲಿ ಆ ಹೆಸರು ಮತ್ತೊಬ್ಬರಿಗಿರುವುದಿಲ್ಲ.

ಎರಡನೆಯ ಮೆಟ್ಟಿಲು: ಆಂಟೆನಾ

ಯಂತ್ರಕ್ಕಿಂತ ಆಂಟೆನಾ ಮುಖ್ಯ. ಮಧ್ಯದಲ್ಲಿ ಕಡಿದು ಎರಡು ತೋಳುಗಳಾಗಿ ಮಾಡಿದ ತಾಮ್ರದ ತಂತಿಯೇ ಅತಿ ಸರಳವಾದ ಆಂಟೆನಾ. ಇದಕ್ಕೆ ಡೈಪೋಲ್ ಎಂದು ಹೆಸರು. ಅದರ ಉದ್ದವನ್ನು ತಿಳಿಯಲು 143 ಎಂಬ ಸಂಖ್ಯೆಯನ್ನು ಮೆಗಾಹರ್ಟ್ಸ್‌ನಲ್ಲಿ ಹೇಳಿದ ಕಂಪನಸಂಖ್ಯೆಯಿಂದ ಭಾಗಿಸಬೇಕು. ಉತ್ತರವು ಮೀಟರುಗಳಲ್ಲಿ ಬರುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20.1 ಮೀಟರು, ಅಂದರೆ ಒಂದೊಂದು ತೋಳಿಗೆ 10 ಮೀಟರಿಗೆ ತುಸು ಹೆಚ್ಚು. ಮೊದಲು ಸ್ವಲ್ಪ ಉದ್ದವಾಗಿಯೇ ಕಡಿದುಕೊಳ್ಳುವುದು ಜಾಣತನ. ಉದ್ದವಾದುದನ್ನು ಮೊಟಕು ಮಾಡುವುದು ಸುಲಭ. ಮೊಟಕಾದುದನ್ನು ಬೆಳೆಸುವುದು ಕಷ್ಟ.

ಇಲ್ಲಿ ನಮ್ಮ ಪ್ರಶ್ನೆಗೆ ಉತ್ತರವಿದೆ. ಕೈಯಲ್ಲಿ ಹಿಡಿಯುವ ಚಿಕ್ಕ ಬಾನುಲಿಗಳ ತರಂಗವು ನೇರವಾಗಿ ಸಾಗುವುದರಿಂದ, ಭೂಮಿಯ ಬಾಗು ಮತ್ತು ಗುಡ್ಡಗಳು ಅಡ್ಡಬಂದು ಕೆಲವೇ ಹತ್ತು ಕಿಲೋಮೀಟರುಗಳಲ್ಲಿ ಅದು ನಿಲ್ಲುತ್ತದೆ. ಆದರೆ 7 ಮೆಗಾಹರ್ಟ್ಸ್‌ನ ತರಂಗವನ್ನು ಮೇಲ್ಮುಖವಾಗಿ ಕಳುಹಿದರೆ, ಸುಮಾರು 300 ಕಿಲೋಮೀಟರು ಎತ್ತರದಲ್ಲಿರುವ ಅಯಾನುಮಂಡಲವು ಅದನ್ನು ಬಾಗಿಸಿ ಕೆಳಕ್ಕೆ ಮರಳಿಸುತ್ತದೆ. ಗೋಡೆಯಾಚೆಗಿನ ಗೆಳೆಯನಿಗೆ ಚೆಂಡನ್ನು ಮೇಲಕ್ಕೆಸೆದು ಮುಟ್ಟಿಸಿದಂತೆ. ಇದಕ್ಕಾಗಿ ಡೈಪೋಲನ್ನು ಬಹಳ ಎತ್ತರಕ್ಕೆ ಕಟ್ಟಬೇಕಾಗಿಲ್ಲ. ನೆಲದಿಂದ ಐದರಿಂದ ಹತ್ತು ಮೀಟರು ಸಾಕು. ಹಗಲಿನಲ್ಲಿ 7 ಮೆಗಾಹರ್ಟ್ಸ್, ರಾತ್ರಿ ಅಯಾನುಮಂಡಲವು ಕ್ಷೀಣಿಸಿದಾಗ 3.5 ಮೆಗಾಹರ್ಟ್ಸ್ ಎಂಬುದು ಸ್ಥೂಲವಾದ ಸೂತ್ರ. ಕಾಚಿಗೂಡದಿಂದ ಭೀಮಾತೀರಕ್ಕೆ ಇದು ತಕ್ಕ ದಾರಿ. ಮೂಡಣ ಪಡುವಣ ದೇಶಗಳ ದೂರದ ನಿಲಯಗಳು ಬೇಕೆಂದರೆ ಹಗಲಿನಲ್ಲಿ 14 ಮೆಗಾಹರ್ಟ್ಸ್‌ಗೆ ಹೋಗಬೇಕು.

ಎಚ್ಚರಿಕೆಯ ಮಾತು: ವಿದ್ಯುತ್ ಇಲಾಖೆಯ ತಂತಿಗಳ ಹತ್ತಿರ ಆಂಟೆನಾವನ್ನು ಎಂದೂ ಕಟ್ಟಕೂಡದು. ಮಾಳಿಗೆಯ ಮೇಲಿನ ಕೆಲಸವನ್ನು ಹಿರಿಯರ ಜೊತೆಯಿಲ್ಲದೆ ಮಾಡಕೂಡದು. ಗುಡುಗು ಮಿಂಚಿನ ಸೂಚನೆ ಕಂಡರೆ ಅದು ಸಮೀಪಿಸುವ ಮುನ್ನವೇ ಆಂಟೆನಾದ ಕೇಬಲನ್ನು ಯಂತ್ರದಿಂದ ಕಳಚಿ ಮನೆಯ ಹೊರಗಿಡಬೇಕು.

ಮೂರನೆಯ ಮೆಟ್ಟಿಲು: ವಿದ್ಯುತ್ತು ಮತ್ತು ಮೊದಲ ಪರೀಕ್ಷೆ

ಇಂತಹ ಯಂತ್ರಗಳು ಸಾಮಾನ್ಯವಾಗಿ 13.8 ವೋಲ್ಟಿನ ನೇರ ವಿದ್ಯುತ್ತಿನಿಂದ ನಡೆಯುತ್ತವೆ. ಧನ ಋಣ ಧ್ರುವಗಳನ್ನು ಎರಡು ಸಲ ನೋಡಿ ಜೋಡಿಸಬೇಕು. ತಂತಿಯಲ್ಲಿ ಫ್ಯೂಸ್ ಇರಲೇಬೇಕು. ಒಂದು ಬ್ಯಾಟರಿಯೂ ಸಿದ್ಧವಾಗಿರಲಿ. ಊರಿಗೆಲ್ಲ ಕತ್ತಲೆಯಾದಾಗ ಕೆಲಸಕ್ಕೆ ಬಾರದ ಬಾನುಲಿಯಿಂದ ಏನು ಪ್ರಯೋಜನ?

ಪ್ರೇಷಣದ ಮೊದಲ ಪರೀಕ್ಷೆಯನ್ನು ಆಂಟೆನಾದೊಡನೆ ಮಾಡದೆ ಡಮ್ಮಿ ಲೋಡ್ ಎಂಬ 50 ಓಮಿನ ನಿರೋಧಕಕ್ಕೆ ಮಾಡಬೇಕು. ಅದು ಯಂತ್ರದ ಶಕ್ತಿಯನ್ನು ಶಾಖವಾಗಿ ನುಂಗಿಕೊಳ್ಳುತ್ತದೆ. ಹೊರಗೆ ಯಾರಿಗೂ ತೊಂದರೆಯಿಲ್ಲ. ಮೈಕಿನ ಮಟ್ಟವನ್ನು ಇಲ್ಲಿಯೇ ಹೊಂದಿಸಿಕೊಳ್ಳಬೇಕು. ಕೂಗಿದರೆ ದೂರಕ್ಕೆ ಹೋಗುವುದೆಂದು ಹೊಸಬರು ತಿಳಿಯುತ್ತಾರೆ. ಮಟ್ಟ ಮೀರಿದರೆ ಮಾತು ಒಡೆಯುತ್ತದೆ. ಅದರ ಚೂರುಗಳು ಪಕ್ಕದ ನಿಲಯಗಳ ಮೇಲೆ ಬೀಳುತ್ತವೆ.

ಬಳಿಕ ಆಂಟೆನಾವನ್ನು ಜೋಡಿಸಿ, ಅತ್ಯಲ್ಪ ಶಕ್ತಿಯಿಂದ ಸ್ಥಾಯೀತರಂಗಗಳ ಪ್ರಮಾಣವನ್ನು ಅಳೆಯಬೇಕು. ಆಂಟೆನಾ ಸ್ವೀಕರಿಸದೆ ಎಷ್ಟು ಶಕ್ತಿ ಹಿಂದಿರುಗುತ್ತದೆ ಎಂಬುದನ್ನು ಇದು ಹೇಳುತ್ತದೆ. ಪ್ರಮಾಣ 1 ಆದರೆ ಉತ್ತಮ. 2 ಆದರೆ ನೂರಕ್ಕೆ 11 ಭಾಗ ಹಿಂದಿರುಗುತ್ತದೆ. 3 ಆದರೆ 25 ಭಾಗ. ಹಿಂದಿರುಗಿದ ಶಕ್ತಿ ಯಂತ್ರದ ಟ್ರಾನ್ಸಿಸ್ಟರುಗಳನ್ನು ಸುಡಬಹುದು. 2ಕ್ಕಿಂತ ಮೇಲಿದ್ದರೆ ತಂತಿಯನ್ನು ತಿದ್ದಿ, ಆಮೇಲೆ ಮುಂದುವರಿಯಬೇಕು.

ನಾಲ್ಕನೆಯ ಮೆಟ್ಟಿಲು: ಆಲಿಸುವುದು

ನಮ್ಮ ಮಿತ್ರರು ಯಂತ್ರ ಹೂಡಿದ ಮೊದಲ ಸಂಜೆ ಗಾಜಿನ ಮೇಲೆ ಜಲಪಾತವೇನೋ ಇಳಿಯಿತು. ಆದರೆ ಅದರಲ್ಲಿ ನಿಲಯಗಳ ಗೆರೆಗಳಿಲ್ಲ, ಸಮಾನ ಅಂತರದ ದಪ್ಪ ಪಟ್ಟೆಗಳು ಮಾತ್ರ. ಕಿವಿಗೆ ಕೇಳಿಸಿದ್ದು ಒಂದೇ ಸಮನಾದ ಗುಂಯ್‌ಗುಟ್ಟುವಿಕೆ. ಯಂತ್ರವೇ ಕೆಟ್ಟಿದೆಯೆಂದು ನಾವು ತೀರ್ಪು ಕೊಟ್ಟೆವು. ಮಿತ್ರರು ಒಪ್ಪಲಿಲ್ಲ. ಯಂತ್ರವನ್ನು ಬ್ಯಾಟರಿಗೆ ಜೋಡಿಸಿ, ಮನೆಯ ಮುಖ್ಯ ಗುಂಡಿಯನ್ನು ಆರಿಸಿದರು. ಪಟ್ಟೆಗಳು ಒಮ್ಮೆಲೇ ಮಾಯವಾಗಿ, ಕಪ್ಪು ಹಿನ್ನೆಲೆಯಲ್ಲಿ ಏಳೆಂಟು ಸಣ್ಣ ಗೆರೆಗಳು ಮೂಡಿದವು. ಮತ್ತೆ ಒಂದೊಂದೇ ಉಪಕರಣವನ್ನು ಹಚ್ಚುತ್ತ ಬಂದಾಗ ಅಪರಾಧಿ ಸಿಕ್ಕಿತು. ಅದು ನಾವೇ ಬಂದೊಡನೆ ಗೋಡೆಗೆ ಸಿಕ್ಕಿಸಿದ್ದ ನಮ್ಮ ದೂರವಾಣಿಯ ಚಾರ್ಜರು! ಅಂದಿನಿಂದ ಅವರ ಮನೆಯ ಹೊಸ್ತಿಲು ದಾಟುವ ಮುನ್ನ ಅದನ್ನು ಚೀಲದಲ್ಲಿಯೇ ಬಿಡುತ್ತೇವೆ. ದೋಷವನ್ನು ದೂರದಲ್ಲಿ ಹುಡುಕುವ ಮೊದಲು ಸಮೀಪದಲ್ಲಿ ಹುಡುಕಬೇಕೆಂಬುದು ಇದರಿಂದ ನಾವು ಕಲಿತ ಪಾಠ.

ಯಂತ್ರದ ಗಡಿಯಾರವನ್ನೂ ಸರಿಪಡಿಸಿಕೊಳ್ಳಬೇಕು. 2017ರಲ್ಲಿ ಬಳಕೆಗೆ ಬಂದ ‘ಎಫ್‌ಟಿ8’ ಎಂಬ ಸಂಕೇತಪದ್ಧತಿಯಲ್ಲಿ ಎಲ್ಲ ನಿಲಯಗಳೂ 15 ಸೆಕೆಂಡುಗಳ ಸರದಿಯಲ್ಲಿ ಕಳುಹಿಸುತ್ತವೆ, ಆಲಿಸುತ್ತವೆ. ಗಡಿಯಾರವು ಎರಡು ಮೂರು ಸೆಕೆಂಡು ತಪ್ಪಿದರೂ ಸಂದೇಶ ಬಿಡಿಸಲು ಬಾರದು. ಸರಿಯಾಗಿದ್ದರೆ ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತವನ್ನೂ ಲೆಕ್ಕವು ಎತ್ತಿ ತೋರಿಸುತ್ತದೆ. ಈ ಪದ್ಧತಿಯ ಕರ್ತೃಗಳಲ್ಲೊಬ್ಬರಾದ ಜೋ ಟೇಲರ್ ಅವರು 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ವಿಜ್ಞಾನಿ.

ಐದನೆಯ ಮೆಟ್ಟಿಲು: ನುಡಿಯುವುದು

ಇಷ್ಟಾದ ಮೇಲೆಯೇ ಮಾತು. ಧ್ವನಿತರಂಗದ ಎರಡು ಪಕ್ಕಗಳಲ್ಲಿ ಒಂದನ್ನು ಮಾತ್ರ ಕಳುಹಿಸುವುದು ರೂಢಿ: 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಕೆಳಪಕ್ಕ, ಮೇಲೆ ಮೇಲ್ಪಕ್ಕ. ಆರಿಸಿಕೊಂಡ ಜಾಗದಲ್ಲಿ ಬೇರೆ ಯಾರಾದರೂ ಮಾತನಾಡುತ್ತಿರುವರೇ ಎಂದು ಮೊದಲು ಆಲಿಸಬೇಕು. ಒಬ್ಬರ ಧ್ವನಿ ನಮಗೆ ಕೇಳಿಸದಿದ್ದರೂ ಅವರೊಡನೆ ಮಾತನಾಡುವ ಮತ್ತೊಬ್ಬರು ಇರಬಹುದು. ಆದಕಾರಣ “ಈ ಜಾಗ ಖಾಲಿಯಿದೆಯೇ?” ಎಂದು ಕರೆಹೆಸರು ಹೇಳಿ ಕೇಳಬೇಕು, ಕಾದು, ಮತ್ತೊಮ್ಮೆ ಕೇಳಬೇಕು. ಉತ್ತರ ಬಾರದಿದ್ದರೆ ‘ಸಿಕ್ಯೂ’ ಎಂಬ ಸಾರ್ವತ್ರಿಕ ಕರೆಯನ್ನು ಕೊಡಬಹುದು. ಪ್ರತಿಯೊಂದು ಸಂಭಾಷಣೆಯ ದಿನ, ಹೊತ್ತು, ಕಂಪನಸಂಖ್ಯೆ, ಎದುರು ನಿಲಯದ ಕರೆಹೆಸರುಗಳನ್ನು ದಿನಚರಿಯಲ್ಲಿ ಬರೆದಿಡಬೇಕು. ವ್ಯಾಪಾರದ ಮಾತು, ಸಂಗೀತ, ಗುಪ್ತಭಾಷೆ ಇವು ನಿಷಿದ್ಧ. ಅಪಾಯದ ಕರೆಯೊಂದು ಕೇಳಿಸಿದರೆ ಉಳಿದೆಲ್ಲ ಮಾತೂ ನಿಲ್ಲಬೇಕು.

ಒಂದು ಭಾನುವಾರ ಬೆಳಿಗ್ಗೆ 7 ಮೆಗಾಹರ್ಟ್ಸ್‌ನಲ್ಲಿ ಮಿತ್ರರ ಕರೆಗೆ ಕಲಬುರಗಿಯ ಕಡೆಯ ನಿಲಯವೊಂದು ಉತ್ತರಿಸಿತು. ಮೊದಲು ಇಂಗ್ಲಿಷಿನಲ್ಲಿ ಕರೆಹೆಸರುಗಳ ವಿನಿಮಯವಾಯಿತು. ಅನಂತರ ಅತ್ತಲಿನವರು ನಮ್ಮ ಸೀಮೆಯ ಕನ್ನಡದಲ್ಲಿ “ಹ್ಯಾಂಗಿದ್ದೀರಿ? ನಿಮ್ಮ ಕಡಿ ಮಳಿ ಬಂತೇನು?” ಎಂದು ಕೇಳಿದರು. ನಡುವೆ ಗೋಪುರವಿಲ್ಲ, ತಂತಿಯಿಲ್ಲ. ಮಾಳಿಗೆಯ ಮೇಲೆ 20 ಮೀಟರು ತಾಮ್ರದ ತಂತಿ ಮಾತ್ರ. ನಮಗೆ ಗಂಟಲು ಕಟ್ಟಿ ಬಂದಿತು. ನಾವು ಮೈಕನ್ನು ಮುಟ್ಟಲಿಲ್ಲ, ನಮ್ಮ ಊರಿಗೆ ಸುದ್ದಿ ಹೇಳಿರೆಂದು ಕೋರಲೂ ಇಲ್ಲ. ನಮಗಿನ್ನೂ ಪರವಾನಗಿ ಇರಲಿಲ್ಲ; ಅನ್ಯರ ಸಂದೇಶವನ್ನು ಸಾಮಾನ್ಯ ದಿನಗಳಲ್ಲಿ ಸಾಗಿಸುವುದು ಹವ್ಯಾಸಿಗಳಿಗೆ ಸಲ್ಲದು. ಆದರೆ 2020ರ ಪ್ರಶ್ನೆಗೆ ಉತ್ತರವನ್ನು ಕಿವಿಯಾರೆ ಕೇಳಿದೆವು.

ನಾವು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಓದಿದವರು. ಈ ಶಾಸ್ತ್ರದ ಪುಸ್ತಕಗಳನ್ನು ಕಂಡು ಇದು ನಮ್ಮಂಥವರಿಗಲ್ಲವೆಂದು ಬಹುಕಾಲ ಹಿಂಜರಿದೆವು. ಓದುತ್ತ ಹೋದಂತೆ ಅದರಲ್ಲಿ ಕಂಡದ್ದು ಓಮಿನ ನಿಯಮ, ತರಂಗದ ಉದ್ದ, ಗುಣಾಕಾರ, ಸಂಕಲನ. ಎಲ್ಲವೂ ಇದೇ ಶಾಲೆಯ ಕರಿಹಲಗೆಯ ಮೇಲೆ ಕನ್ನಡದಲ್ಲಿ ಬರೆದು ಅಳಿಸಿದವುಗಳೇ. ಈ ವರ್ಷ ಪರೀಕ್ಷೆಗೆ ಕುಳಿತುಕೊಳ್ಳಲು ನಾವು ಸಿದ್ಧರಾಗುತ್ತಿದ್ದೇವೆ. ಶನಿವಾರದ ಮಧ್ಯಾಹ್ನ ಜೊತೆಗೆ ಓದಲು ಬರುವವರಿಗೆ ವಿಜ್ಞಾನದ ಕೋಣೆ ತೆರೆದಿರುತ್ತದೆ. ಮುಂದೆ ಎಂದಾದರೂ ನದಿ ದಡ ಮೀರಿದ ರಾತ್ರಿ, ಕತ್ತಲೆಯ ನಗರದಲ್ಲಿ ಯಾರೋ ಒಬ್ಬರ ತಂದೆತಾಯಿಗಳ ಕ್ಷೇಮವಾರ್ತೆಯನ್ನು ಆಲಿಸಿ ತಿಳಿಸಬಲ್ಲ ಒಂದೆರಡು ಕಿವಿಗಳು ನಮ್ಮ ಶಾಲೆಯಿಂದ ಸಿದ್ಧವಾಗಿರಲಿ ಎಂಬುದೇ ನಮ್ಮ ಆಶಯ.